ನೇಮತ್‌ನಿಂದ ಬ್ರೈಸ್ ಯಂಗ್‌ವರೆಗೆ: ಅಲಬಾಮಾದ ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿ ಮತ್ತು ಅದರಲ್ಲಿ ಇಲ್ಲದ ಒಂದು ಹೆಸರು

ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ದಾಖಲೆಯಿಂದ ಎರಡು ಅಂಕಿಗಳನ್ನು ತೆಗೆದುಕೊಳ್ಳೋಣ. ಜೋ ನೇಮತ್ 1962ರಿಂದ 1964ರವರೆಗೆ ಮೂರು ಸೀಸನ್ ಆಡಿ ಪಾಸ್‌ಗಳಿಂದ ಗಳಿಸಿದ್ದು 2,713 ಯಾರ್ಡ್. ಬ್ರೈಸ್ ಯಂಗ್ 2021ರ ಒಂದೇ ಸೀಸನ್‌ನಲ್ಲಿ ಗಳಿಸಿದ್ದು 4,872 ಯಾರ್ಡ್. ಹಾಗಾದರೆ ಲೆಕ್ಕ ಮುಗೀತಾ? ಯಂಗ್ ದೊಡ್ಡವರು, ನೇಮತ್ ಚಿಕ್ಕವರು ಅಂತ ಬರೆದು ಎದ್ದು ಹೋಗಬಹುದಾ?

ಕಾಲೇಜು ಫುಟ್‌ಬಾಲ್ ನೋಡುವವರ ನಡುವೆ ಈ ಜಗಳ ಎಂದೂ ಮುಗಿಯುವುದಿಲ್ಲ. ಪ್ರತಿ ವರ್ಷ ಹೊಸ ಪಟ್ಟಿ ಬರುತ್ತದೆ, ಹತ್ತು ಹೆಸರು, ಹತ್ತು ಫೋಟೋ. ನಾನೂ ಅಂಥ ಪಟ್ಟಿಗಳನ್ನು ಆಸೆಯಿಂದ ಓದುವವನೇ. ಆದರೆ ಅಲಬಾಮಾದ ಪಟ್ಟಿ ಓದುವಾಗ ಪ್ರತಿ ಸಲವೂ ಒಂದು ಕಡೆ ನಿಲ್ಲುತ್ತೇನೆ. 1970ರ ದಶಕದ ಹತ್ತಿರ ಬಂದಾಗ ಅಲ್ಲಿ ಒಂದು ಹೆಸರು ಇರಬೇಕಿತ್ತು, ಇಲ್ಲ. ಯಾಕೆ ಇಲ್ಲ ಅನ್ನೋದಕ್ಕೆ ಉತ್ತರ ಆಟದಲ್ಲಿ ಸಿಗುವುದಿಲ್ಲ, ಆ ರಾಜ್ಯದ ರಾಜಕೀಯದಲ್ಲಿ ಸಿಗುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಅಥವಾ ಎಸೆದು, ಎದುರಾಳಿಯ ಗಡಿ ದಾಟಿಸುವ ಆಟ. ದಾಳಿ ಮಾಡುವ 11 ಜನರಲ್ಲಿ ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎಸೆಯಬೇಕೋ, ಇನ್ನೊಬ್ಬರ ಕೈಗೆ ಕೊಡಬೇಕೋ, ತಾನೇ ಓಡಬೇಕೋ ಅನ್ನುವುದನ್ನು ಮೂರು ಸೆಕೆಂಡಿನೊಳಗೆ ತೀರ್ಮಾನಿಸುವವರು ಅವರು. ಗೆದ್ದರೆ ಹೊಗಳಿಕೆ ಅವರಿಗೆ, ಸೋತರೆ ಬೈಗುಳವೂ ಅವರಿಗೇ. 'ತಲೆ ಇರುವವರ ಜಾಗ' ಎಂದು ಇದನ್ನು ಕರೆಯುತ್ತಿದ್ದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಳತೆಗೋಲೇ ಬದಲಾದಾಗ

ಮೊದಲು ಆ ಎರಡು ಅಂಕಿಗಳ ಲೆಕ್ಕ ಚುಕ್ತಾ ಮಾಡೋಣ.

ನೇಮತ್ ಕಾಲದಲ್ಲಿ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಆ ನಿಷೇಧ ಹೋಗಿದ್ದು 1972ರಲ್ಲಿ. ಸೀಸನ್ ಅಂದರೆ 10 ಪಂದ್ಯ, ಆಮೇಲೆ ಆಹ್ವಾನ ಬಂದರೆ ಒಂದು ಬೌಲ್ ಪಂದ್ಯ. 2021ರಲ್ಲಿ ಯಂಗ್ ಆಡಿದ್ದು 15 ಪಂದ್ಯ. ಬದಲಿ ಆಟಗಾರರನ್ನು ಇಳಿಸುವ ನಿಯಮಗಳೂ ಬಿಗಿಯಾಗಿದ್ದವು. ಹಾಗಾಗಿ ನೇಮತ್ ಚೆಂಡು ಎಸೆಯುವುದರ ಜೊತೆಗೆ ಎದುರಾಳಿಯ ಪಾಸ್ ತಡೆಯುವ ಕೆಲಸಕ್ಕೂ ನಿಲ್ಲಬೇಕಿತ್ತು. ಎಲ್ಲಕ್ಕಿಂತ ತಮಾಷೆಯ ವಿಷಯ ಏನೆಂದರೆ, ಕಾಲೇಜು ಆಟವನ್ನು ನಡೆಸುವ ಎನ್‌ಸಿಎಎ ಸಂಸ್ಥೆ 2002ಕ್ಕಿಂತ ಹಿಂದಿನ ಬೌಲ್ ಪಂದ್ಯಗಳ ಅಂಕಿಗಳನ್ನು ಆಟಗಾರರ ವೈಯಕ್ತಿಕ ದಾಖಲೆಗೆ ಸೇರಿಸುವುದೇ ಇಲ್ಲ.

1965ರ ಜನವರಿ 1ರ ಆರೆಂಜ್ ಬೌಲ್‌ನಲ್ಲಿ ನೇಮತ್ ಗಾಯಗೊಂಡ ಮಂಡಿಯೊಂದಿಗೆ ಬದಲಿಯಾಗಿ ಬಂದು ಟೆಕ್ಸಸ್ ವಿರುದ್ಧ 255 ಯಾರ್ಡ್, 2 ಟಚ್‌ಡೌನ್ ಎಸೆದರು. ಕೊನೆಗೆ ಗೆರೆಯ ಹತ್ತಿರ ತಾವೇ ಚೆಂಡು ಹಿಡಿದು ನುಗ್ಗಿದರು. ಗೆರೆ ಮುಟ್ಟಿಲ್ಲ ಎಂದರು ಅಂಪೈರ್. ಮುಟ್ಟಿದ್ದೆ ಎಂದು ನೇಮತ್ ಆಮೇಲೂ ಹೇಳುತ್ತಲೇ ಬಂದರು. ಅಲಬಾಮಾ 21-17ರಲ್ಲಿ ಸೋತಿತು, ಪಂದ್ಯಶ್ರೇಷ್ಠ ಪ್ರಶಸ್ತಿ ಮಾತ್ರ ಸೋತ ತಂಡದ ನೇಮತ್‌ಗೇ ಬಂತು. ಅವರ ಕಾಲೇಜು ಬದುಕಿನ ಅತಿ ಪ್ರಸಿದ್ಧ ರಾತ್ರಿ ಅದು. ಆ 2,713ರಲ್ಲಿ ಆ ರಾತ್ರಿಯ ಒಂದು ಯಾರ್ಡೂ ಇಲ್ಲ.

ಇದರ ಮೇಲೆ ಪಾಸರ್ ರೇಟಿಂಗ್ ಅನ್ನುವ ಇನ್ನೊಂದು ಅಳತೆ ಇದೆ. ಯಾರ್ಡ್‌ಗಳನ್ನು 8.4ರಿಂದ, ಟಚ್‌ಡೌನ್‌ಗಳನ್ನು 330ರಿಂದ, ಸರಿಯಾಗಿ ತಲುಪಿದ ಪಾಸ್‌ಗಳನ್ನು 100ರಿಂದ ಗುಣಿಸಿ ಕೂಡಬೇಕು. ಎದುರಾಳಿ ಕೈಗೆ ಸಿಕ್ಕಿದ ಪ್ರತಿ ಪಾಸ್‌ಗೆ 200 ಕಳೆಯಬೇಕು. ಬಂದದ್ದನ್ನು ಒಟ್ಟು ಎಸೆದ ಪಾಸ್‌ಗಳಿಂದ ಭಾಗಿಸಬೇಕು. ಮ್ಯಾಕ್ ಜೋನ್ಸ್ 2020ರಲ್ಲಿ ಇದರಲ್ಲಿ 203.1 ಗಳಿಸಿ ದಾಖಲೆ ಬರೆದರು. ಒಳ್ಳೆಯ ಸೂತ್ರವೇ. ಆದರೆ ಇದು ಎಸೆಯುವವರನ್ನು ಮಾತ್ರ ಅಳೆಯುತ್ತದೆ. ಓಡಿ ಗಳಿಸಿದ್ದಕ್ಕೆ ಇಲ್ಲಿ ಸೊನ್ನೆ. 'ಎಸೆಯಬೇಡ, ಸುಮ್ಮನೆ ಚೆಂಡು ಕೈಬಿಡದೆ ಆಡು' ಎಂದು ಕೋಚ್ ಹೇಳಿದ್ದರೆ ಅದೂ ಇಲ್ಲಿ ಕಾಣುವುದಿಲ್ಲ.

ಈ ಕೊನೆಯ ಮಾತಿಗೆ ಜೇ ಬಾರ್ಕರ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. 1993ರ ಜನವರಿ 1, ಷುಗರ್ ಬೌಲ್, ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನವಾಗುವ ಪಂದ್ಯ. ಎದುರಿಗೆ ಮಯಾಮಿ. ಅವರ ಕ್ವಾರ್ಟರ್‌ಬ್ಯಾಕ್ ಜೀನೊ ಟೊರೆಟ್ಟಾ ಆ ವರ್ಷದ ಹೈಸ್ಮನ್ ಟ್ರೋಫಿ ಗೆದ್ದವರು, ಅಂದರೆ ದೇಶದ ಅತ್ಯುತ್ತಮ ಕಾಲೇಜು ಆಟಗಾರ. ಬಾರ್ಕರ್ 13 ಪಾಸ್ ಎಸೆದರು, 4 ತಲುಪಿದವು, ಒಟ್ಟು 18 ಯಾರ್ಡ್, 2 ಸಲ ಚೆಂಡು ಎದುರಾಳಿ ಪಾಲು. ಸೂತ್ರಕ್ಕೆ ಹಾಕಿ ನೋಡಿದೆ: 11.6 ಬರುತ್ತದೆ. ಅಲಬಾಮಾ 34-13ರಲ್ಲಿ ಗೆದ್ದಿತು. ರಕ್ಷಣಾ ಪಡೆ ಟೊರೆಟ್ಟಾ ಅವರನ್ನು ಹಣ್ಣು ಮಾಡಿತು, ಓಟಗಾರರು ಉಳಿದದ್ದು ನೋಡಿಕೊಂಡರು. ಕ್ವಾರ್ಟರ್‌ಬ್ಯಾಕ್ ಆಗಿ ಇಳಿದ ಪಂದ್ಯಗಳಲ್ಲಿ ಬಾರ್ಕರ್ ಅವರ ಲೆಕ್ಕ 35 ಗೆಲುವು, 2 ಸೋಲು, 1 ಡ್ರಾ. ಅವರ ಬಗ್ಗೆ ಕೇಳಿದಾಗ 'ಗೆಲ್ಲೋದು ಗೊತ್ತಿತ್ತು' ಎನ್ನುವವರೂ ಇದ್ದಾರೆ, 'ಬೇರೆಯವರು ಗೆಲ್ಲಿಸಿದರು' ಎನ್ನುವವರೂ ಇದ್ದಾರೆ. ನನ್ನ ಪ್ರಕಾರ ಎರಡೂ ನಿಜ.

ನೇಮತ್ ಇದ್ದ ಟಸ್ಕಲೂಸಾ

ಈಗ ಆಟದ ಹೊರಗೆ ಬನ್ನಿ.

ನೇಮತ್ ಪೆನ್ಸಿಲ್ವೇನಿಯಾ ರಾಜ್ಯದ ಬೀವರ್ ಫಾಲ್ಸ್ ಎಂಬ ಊರಿನವರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು, ಪ್ರವೇಶ ಪರೀಕ್ಷೆಯಲ್ಲಿ ಅಂಕ ಸಾಲಲಿಲ್ಲ, ಹಾಗಾಗಿ ದಕ್ಷಿಣಕ್ಕೆ ಬಂದರು. ಅಲ್ಲಿ ಕೋಚ್ ಪಾಲ್ ಬ್ರಯಂಟ್. 'ಬೇರ್' ಬ್ರಯಂಟ್ ಎಂದರೆ ಅಲಬಾಮಾದಲ್ಲಿ ಇವತ್ತಿಗೂ ದೇವರ ಸಮಾನ. 1958ರಿಂದ 1982ರವರೆಗೆ ತಂಡ ನಡೆಸಿ 6 ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಶಿಸ್ತಿನ ವಿಷಯದಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ. 1963ರಲ್ಲಿ ನಿಯಮ ಮುರಿದರೆಂದು ನೇಮತ್ ಅವರನ್ನೇ ಕೊನೆಯ 2 ಪಂದ್ಯಗಳಿಂದ ಹೊರಗೆ ಕೂರಿಸಿದರು. ತಂಡ ಆ ಎರಡನ್ನೂ ಗೆದ್ದಿತು ಅನ್ನೋದು ಬೇರೆ ಮಾತು. ನೇಮತ್ ಇದ್ದ 3 ಸೀಸನ್‌ಗಳಲ್ಲಿ ಅಲಬಾಮಾ 29 ಗೆದ್ದು 4 ಸೋತಿತು.

ಅದೇ ಅವಧಿಯ ಇನ್ನೊಂದು ದಿನಾಂಕ 1963ರ ಜೂನ್ 11. ಅದೇ ಕ್ಯಾಂಪಸ್ಸಿನ ಫಾಸ್ಟರ್ ಸಭಾಂಗಣದ ಬಾಗಿಲಿಗೆ ಅಡ್ಡ ನಿಂತವರು ರಾಜ್ಯದ ಗವರ್ನರ್ ಜಾರ್ಜ್ ವ್ಯಾಲೇಸ್. ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ಕಾಲೇಜಿಗೆ ಹೆಸರು ನೋಂದಾಯಿಸಲು ಬಂದಿದ್ದರು. ಅಧ್ಯಕ್ಷ ಕೆನಡಿ ನ್ಯಾಷನಲ್ ಗಾರ್ಡ್ ಪಡೆಯನ್ನು ಕೇಂದ್ರದ ಹತೋಟಿಗೆ ತೆಗೆದುಕೊಂಡ ಮೇಲಷ್ಟೇ ವ್ಯಾಲೇಸ್ ಬಾಗಿಲು ಬಿಟ್ಟರು. ಅದಕ್ಕೂ 7 ವರ್ಷ ಮೊದಲು, 1956ರಲ್ಲಿ, ಆಥರೀನ್ ಲೂಸಿ ಎಂಬ ಕಪ್ಪು ಯುವತಿ ಇದೇ ವಿಶ್ವವಿದ್ಯಾಲಯದ ತರಗತಿಗೆ ಬಂದಿದ್ದರು. ಗುಂಪು ಸೇರಿ ಗಲಭೆ ಎಬ್ಬಿಸಿತು, ವಿಶ್ವವಿದ್ಯಾಲಯ ಗಲಭೆಕೋರರನ್ನು ಬಿಟ್ಟು ಅವರನ್ನೇ ಹೊರಗೆ ಹಾಕಿತು.

ನೇಮತ್ ತಂಡದಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಅವರ ನಂತರದ ಸ್ಟೀವ್ ಸ್ಲೋನ್ ತಂಡದಲ್ಲೂ ಇಲ್ಲ, ಕೆನ್ ಸ್ಟೇಬ್ಲರ್ ತಂಡದಲ್ಲೂ ಇಲ್ಲ. ಸ್ಟೇಬ್ಲರ್ ಅದ್ಭುತ ಆಟಗಾರ, 'ಸ್ನೇಕ್' ಎಂದೇ ಹೆಸರು, ಹಾವಿನ ಹಾಗೆ ನುಸುಳುತ್ತಿದ್ದರು. 1966ರಲ್ಲಿ ಅವರ ತಂಡ 11 ಪಂದ್ಯ ಆಡಿ 11ನ್ನೂ ಗೆದ್ದಿತು. ಆದರೂ ಪತ್ರಕರ್ತರ ಮತದಾನದಲ್ಲಿ ಸಿಕ್ಕಿದ್ದು ಮೂರನೇ ಸ್ಥಾನ. ಒಂದೊಂದು ಪಂದ್ಯ ಡ್ರಾ ಮಾಡಿಕೊಂಡಿದ್ದ ನೋಟರ್ ಡೇಮ್, ಮಿಷಿಗನ್ ಸ್ಟೇಟ್ ಮೇಲೆ ಕೂತವು. ಅಲಬಾಮಾದ ಬಿಳಿಯರಷ್ಟೇ ಇರುವ ತಂಡಕ್ಕೆ ದೇಶದ ಪತ್ರಕರ್ತರು ಶಿಕ್ಷೆ ಕೊಟ್ಟರು ಎಂದು ಆ ರಾಜ್ಯದ ಅಭಿಮಾನಿಗಳು ಇಂದಿಗೂ ಗೊಣಗುತ್ತಾರೆ. ಇದ್ದರೂ ಇರಬಹುದು. ಆದರೆ ಅನ್ಯಾಯದ ಪಟ್ಟಿ ಮಾಡುವುದಾದರೆ ಅದನ್ನು 1966ರ ಮೂರನೇ ಸ್ಥಾನದಿಂದ ಶುರು ಮಾಡುವುದು ಸ್ವಲ್ಪ ವಿಚಿತ್ರವೇ.

ಹಂಟ್ಸ್‌ವಿಲ್‌ನ ಹುಡುಗ

ಪಟ್ಟಿಯಲ್ಲಿ ಇಲ್ಲದ ಹೆಸರು ಕಾಂಡ್ರೆಡ್ಜ್ ಹಾಲೊವೇ.

ಹಾಲೊವೇ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ನಗರದವರು. ಚಂದ್ರನತ್ತ ಹೋದ ರಾಕೆಟ್‌ಗಳು ತಯಾರಾದ ಊರು ಅದು. ಅವರ ತಾಯಿ ಅಲ್ಲಿನ ನಾಸಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು. ಮಗ ಬೇಸ್‌ಬಾಲ್‌ನಲ್ಲೂ ಎಷ್ಟು ಚುರುಕಾಗಿದ್ದನೆಂದರೆ 1971ರಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡ ದೇಶದ ನಾಲ್ಕನೇ ಆಯ್ಕೆಯಾಗಿ ಅವನನ್ನು ಆರಿಸಿತು. ಇನ್ನೂ 17 ವರ್ಷ, ಒಪ್ಪಂದಕ್ಕೆ ತಾಯಿಯ ಸಹಿ ಬೇಕಿತ್ತು. ಮೊದಲು ಕಾಲೇಜು ಎಂದರು ತಾಯಿ, ಸಹಿ ಹಾಕಲಿಲ್ಲ.

ಯಾವ ಕಾಲೇಜು? ಮನೆ ಇರುವ ರಾಜ್ಯದ ದೊಡ್ಡ ತಂಡ ಎಂದರೆ ಅಲಬಾಮಾ. ಬ್ರಯಂಟ್ ಅವರಿಗೂ ಈ ಹುಡುಗ ಬೇಕಿತ್ತು, ಆದರೆ ಕ್ವಾರ್ಟರ್‌ಬ್ಯಾಕ್ ಆಗಿ ಅಲ್ಲ. ಕಪ್ಪು ಕ್ವಾರ್ಟರ್‌ಬ್ಯಾಕ್‌ಗೆ ಅಲಬಾಮಾ ಇನ್ನೂ ಸಿದ್ಧವಾಗಿಲ್ಲ ಎಂದು ಬ್ರಯಂಟ್ ನೇರವಾಗಿಯೇ ತಿಳಿಸಿದರೆಂದು ಹಾಲೊವೇ ಆಮೇಲೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಸುಳ್ಳು ಆಸೆ ತೋರಿಸಲಿಲ್ಲ ಎಂಬ ಕಾರಣಕ್ಕೆ ಬ್ರಯಂಟ್ ಮೇಲೆ ಅವರಿಗೆ ಕಹಿ ಇರಲಿಲ್ಲ. ಅದು ಅವರ ದೊಡ್ಡತನ. ನಾವು ಓದುಗರು ಅಷ್ಟು ದೊಡ್ಡವರಾಗಬೇಕಿಲ್ಲ. 'ರಾಜ್ಯ ಸಿದ್ಧವಾಗಿಲ್ಲ' ಎಂಬ ವಾಕ್ಯದಲ್ಲಿ ತೀರ್ಮಾನ ಮಾಡಿದವರು ಯಾರು ಅನ್ನೋದು ಮಾಯವಾಗುತ್ತದೆ, ನೋಡಿ. ಆ ರಾಜ್ಯದಲ್ಲಿ ಗವರ್ನರ್‌ಗಿಂತ ಹೆಚ್ಚು ಮಾತು ನಡೆಯುತ್ತಿದ್ದ ಯಾರಾದರೂ ಇದ್ದರೆ ಅದು ಬ್ರಯಂಟ್ ಒಬ್ಬರೇ.

ಹಾಲೊವೇ ಪಕ್ಕದ ಟೆನೆಸ್ಸಿಗೆ ಹೋದರು. 1972ರಲ್ಲಿ ಅಲ್ಲಿ ಮೈದಾನಕ್ಕಿಳಿದಾಗ, ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳ ಕೂಟವಾದ ಎಸ್‌ಇಸಿಯಲ್ಲಿ ಪಂದ್ಯ ಆರಂಭಿಸಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರಾದರು. ಮೂರು ವರ್ಷ ಆಡಿದರು. ಹಿಡಿಯಲು ಬಂದವರ ಕೈಯಿಂದ ಜಾರಿಕೊಳ್ಳುವ ಅವರ ಓಟದ ಹಳೆಯ ತುಣುಕುಗಳು ಈಗಲೂ ನೋಡಲು ಸಿಗುತ್ತವೆ, ನೋಡಿ. ಆಮೇಲೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ನ್ಯೂ ಇಂಗ್ಲೆಂಡ್ ತಂಡ 12ನೇ ಸುತ್ತಿನಲ್ಲಿ ಅವರನ್ನು ಆರಿಸಿತು, ಅದೂ ರಕ್ಷಣಾ ಆಟಗಾರನಾಗಿ. ಮೇಲೆ ಹೇಳಿದ 'ತಲೆ ಇರುವವರ ಜಾಗ' ಇಲ್ಲಿ ಬರುತ್ತದೆ: ಕಪ್ಪು ಹುಡುಗರಿಗೆ ಕಾಲು ಇದೆ, ವೇಗ ಇದೆ, ಆದರೆ ತಂಡ ನಡೆಸುವ ತಲೆ ಇಲ್ಲ ಎಂಬ ನಂಬಿಕೆ ಉತ್ತರಕ್ಕೂ ಇತ್ತು, ದಕ್ಷಿಣಕ್ಕೂ ಇತ್ತು. ಹಾಲೊವೇ ಕೆನಡಾಕ್ಕೆ ಹೋಗಿ ಅಲ್ಲಿನ ಲೀಗಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಿದರು, 1976ರಲ್ಲಿ ಒಟ್ಟಾವಾ ಜೊತೆ, 1983ರಲ್ಲಿ ಟೊರಾಂಟೊ ಜೊತೆ ಗ್ರೇ ಕಪ್ ಗೆದ್ದರು.

ಇಲ್ಲಿ ಒಂದು ಮುಳ್ಳಿನ ವಿಷಯ ಇದೆ. ಹಾಲೊವೇ ಇದ್ದ ಮೂರೂ ವರ್ಷ ಟೆನೆಸ್ಸಿ ತಂಡ ಅಲಬಾಮಾ ವಿರುದ್ಧ ಸೋತಿತು: 1972ರಲ್ಲಿ 17-10, 1973ರಲ್ಲಿ 42-21, 1974ರಲ್ಲಿ 28-6. ಅಂದರೆ ಅವರನ್ನು ಕ್ವಾರ್ಟರ್‌ಬ್ಯಾಕ್ ಆಗಿ ಒಲ್ಲೆ ಎಂದದ್ದಕ್ಕೆ ಅಲಬಾಮಾ ಯಾವ ಬೆಲೆಯನ್ನೂ ತೆರಲಿಲ್ಲ. ಭೇದಭಾವ ಮಾಡಿದವರು ಕೊನೆಗೆ ಸೋಲುತ್ತಾರೆ ಎಂಬ ಕಥೆ ಕೇಳಲು ಚೆಂದ. ನಿಜದಲ್ಲಿ ಅವರು 1970ರ ದಶಕದಲ್ಲಿ 103 ಪಂದ್ಯ ಗೆದ್ದು 16 ಸೋತರು. ಗೆಲ್ಲುತ್ತಾ ಇರುವ ತಂಡಕ್ಕೆ ಯಾರು ಹೊರಗುಳಿದರು ಎಂದು ಕೇಳುವ ತುರ್ತೇ ಬರಲಿಲ್ಲ. ಅದಕ್ಕೇ ಪಟ್ಟಿಗಳಲ್ಲೂ ಆ ಖಾಲಿ ಜಾಗ ಕಾಣುವುದಿಲ್ಲ.

ಒಂದು ಪಂದ್ಯ ಎಲ್ಲವನ್ನೂ ಬದಲಿಸಿತೇ?

1970ರ ಸೆಪ್ಟೆಂಬರ್ 12ರ ಕಥೆಯನ್ನು ನೀವು ಎಲ್ಲಾದರೂ ಓದಿರಬಹುದು. ಬರ್ಮಿಂಗ್‌ಹ್ಯಾಮ್‌ಗೆ ಬಂದ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅಲಬಾಮಾವನ್ನು 42-21ರಲ್ಲಿ ಬಡಿಯಿತು. ಸ್ಯಾಮ್ ಕನ್ನಿಂಗ್‌ಹ್ಯಾಮ್ ಎಂಬ ಕಪ್ಪು ಓಟಗಾರ 135 ಯಾರ್ಡ್ ಓಡಿ 2 ಟಚ್‌ಡೌನ್ ಮಾಡಿದರು. ಅದನ್ನು ನೋಡಿ ಅಲಬಾಮಾದ ಬಿಳಿಯರ ಮನಸ್ಸು ಬದಲಾಯಿತು, ಬ್ರಯಂಟ್ ಬಾಗಿಲು ತೆರೆದರು. ಹೀಗೆ ಸಾಗುತ್ತದೆ ಕಥೆ. ಆದರೆ ವಿಲ್ಬರ್ ಜಾಕ್ಸನ್ ಎಂಬ ಕಪ್ಪು ವಿದ್ಯಾರ್ಥಿಗೆ ಅಲಬಾಮಾ ಆ ಪಂದ್ಯಕ್ಕೆ ಮುಂಚೆಯೇ ಸ್ಕಾಲರ್‌ಷಿಪ್ ಕೊಟ್ಟಾಗಿತ್ತು. ಮೊದಲ ವರ್ಷದವರಾದ್ದರಿಂದ ಅವರು ಅಂದು ಆಡುವಂತಿರಲಿಲ್ಲ, ಅಷ್ಟೇ. 1971ರಲ್ಲಿ ಜಾನ್ ಮಿಚೆಲ್ ಆಡಿದರು, ಜಾಕ್ಸನ್ ಆಡಿದರು.

ಈ ಕಥೆಯಲ್ಲಿ ಹೇಳದೆ ಬಿಡುವ ಇನ್ನೊಂದು ವಿವರವಿದೆ. ಅಂದು ಸದರ್ನ್ ಕ್ಯಾಲಿಫೋರ್ನಿಯಾದ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಜೋನ್ಸ್ ಕೂಡ ಕಪ್ಪು. ಅಲಬಾಮಾ ಆ ರಾತ್ರಿ ಕಲಿತ ಪಾಠದಲ್ಲಿ ಓಟಗಾರ ಇದ್ದ, ಕ್ವಾರ್ಟರ್‌ಬ್ಯಾಕ್ ಇರಲಿಲ್ಲ.

1971ರಲ್ಲಿ ಬ್ರಯಂಟ್ 'ವಿಷ್‌ಬೋನ್' ಎಂಬ ಹೊಸ ವ್ಯೂಹಕ್ಕೆ ಬದಲಾದರು. ಮೂವರು ಓಟಗಾರರು ಹಿಂದೆ, ಕ್ವಾರ್ಟರ್‌ಬ್ಯಾಕ್ ಎಸೆಯುವುದೇ ಅಪರೂಪ, ಓಡುತ್ತಾ ಕೊನೆಯ ಕ್ಷಣದಲ್ಲಿ ಚೆಂಡನ್ನು ಪಕ್ಕಕ್ಕೆ ದಾಟಿಸುವುದೇ ಕೆಲಸ. ಟೆರಿ ಡೇವಿಸ್, ರಿಚರ್ಡ್ ಟಾಡ್, ಜೆಫ್ ರಟ್ಲೆಡ್ಜ್, ಸ್ಟೆಡ್‌ಮನ್ ಶೀಲಿ ಇದನ್ನು ಆಡಿದರು. 1978 ಮತ್ತು 1979ರಲ್ಲಿ ಸತತ ಎರಡು ರಾಷ್ಟ್ರೀಯ ಪ್ರಶಸ್ತಿ ಬಂದವು. ಪಾಸ್ ಯಾರ್ಡ್‌ಗಳ ಪಟ್ಟಿಯಲ್ಲಿ ಇವರನ್ನು ಹುಡುಕಿ ನಿರಾಶರಾಗಬೇಡಿ. ಕಾಲು, ಕಣ್ಣು, ಕೈ ಮೂರೂ ಒಟ್ಟಿಗೆ ಓಡಬೇಕಾದ ಈ ವ್ಯೂಹ ಹಾಲೊವೇ ಅವರಿಗಾಗಿಯೇ ಮಾಡಿದಂತಿತ್ತು ಎಂದು ನನಗೆ ಯಾವಾಗಲೂ ಅನಿಸಿದೆ.

ಕೊನೆಗೂ ಆ ಜಾಗ ಕಪ್ಪು ಆಟಗಾರನಿಗೆ ಸಿಕ್ಕಿದ್ದು ವಾಲ್ಟರ್ ಲೂಯಿಸ್ ಮೂಲಕ. ಬ್ರೂಟನ್ ಎಂಬ ಸಣ್ಣ ಊರಿನವರು, 1980ರಿಂದ 1983ರವರೆಗೆ ಇದ್ದರು. ಬ್ರಯಂಟ್ ಅವರ ಕೊನೆಯ ಸೀಸನ್ 1982, ಆಗ ತಂಡದ ಕ್ವಾರ್ಟರ್‌ಬ್ಯಾಕ್ ಲೂಯಿಸ್. ಹಾಲೊವೇಗೆ ಇಲ್ಲ ಎಂದ 11 ವರ್ಷಗಳ ಮೇಲೆ. 1983ರ ಜನವರಿಯಲ್ಲಿ ಬ್ರಯಂಟ್ ತೀರಿಕೊಂಡರು. ಹೊಸ ಕೋಚ್ ರೇ ಪರ್ಕಿನ್ಸ್ ವಿಷ್‌ಬೋನ್ ಕೈಬಿಟ್ಟು ಪಾಸ್ ಆಟ ತಂದರು, ಲೂಯಿಸ್ ಅದನ್ನೂ ಆಡಿ ತೋರಿಸಿದರು. ಒಂದೇ ಬದುಕಿನಲ್ಲಿ ಎರಡು ವ್ಯೂಹ. ಹತ್ತು ಹೆಸರಿನ ಪಟ್ಟಿಗಳು ಇವರ ಮೇಲೆ ಕಾಲ ಕಳೆಯುವುದಿಲ್ಲ, ಕಳೆಯಬೇಕು.

ಸೇಬನ್ ಕಾಲ

ನಿಕ್ ಸೇಬನ್ 2007ರಲ್ಲಿ ಕೋಚ್ ಆಗಿ ಬಂದು 2024ರ ಜನವರಿಯಲ್ಲಿ ನಿವೃತ್ತರಾದರು. ಅಲಬಾಮಾದಲ್ಲಿ 6 ರಾಷ್ಟ್ರೀಯ ಪ್ರಶಸ್ತಿ. ಅವರ ಮೊದಲ ಕ್ವಾರ್ಟರ್‌ಬ್ಯಾಕ್‌ಗಳು ಬಾರ್ಕರ್ ಮಾದರಿಯವರೇ: ತಪ್ಪು ಮಾಡಬೇಡಿ, ಉಳಿದದ್ದು ರಕ್ಷಣಾ ಪಡೆ ನೋಡಿಕೊಳ್ಳುತ್ತದೆ. 2009ರ ಸೀಸನ್‌ನ ಅಂತಿಮ ಪಂದ್ಯದಲ್ಲಿ ಗ್ರೆಗ್ ಮೆಕೆಲ್‌ರಾಯ್ ಎಸೆದದ್ದು 58 ಯಾರ್ಡ್, ಪ್ರಶಸ್ತಿ ಬಂತು. ಆಮೇಲಿನ ಎ.ಜೆ. ಮೆಕ್ಯಾರನ್ ಎರಡು ಪ್ರಶಸ್ತಿ ತಂದರು, 36 ಗೆದ್ದು 4 ಸೋತರು, 9,019 ಯಾರ್ಡ್ ಎಸೆದರು. ಇಷ್ಟೆಲ್ಲಾ ಆದರೂ ಅವರ ಬಗ್ಗೆ ಯಾರೂ ಆವೇಶದಿಂದ ವಾದಿಸುವುದಿಲ್ಲ. ಸ್ಥಿರವಾಗಿ ಒಳ್ಳೆಯವರಾಗಿರುವುದು ಅಭಿಮಾನಿಗಳ ಕಣ್ಣಲ್ಲಿ ಒಂದು ಬಗೆಯ ಅಪರಾಧ.

2014ರಲ್ಲಿ ಬ್ಲೇಕ್ ಸಿಮ್ಸ್. ಅವರನ್ನು ಅದಕ್ಕೂ ಮುಂಚೆ ಓಟಗಾರನಾಗಿ ಆಡಿಸಿದ್ದರು. ಕೊನೆಯ ವರ್ಷ ಕ್ವಾರ್ಟರ್‌ಬ್ಯಾಕ್ ಜಾಗ ಸಿಕ್ಕಿದಾಗ 3,487 ಯಾರ್ಡ್ ಎಸೆದು ಆಗಿನ ತಂಡದ ದಾಖಲೆ ಮುರಿದರು. ಕಾಯಿಸಿದ್ದು ಕೋಚಿಂಗ್ ಲೆಕ್ಕವೋ ಹಳೆಯ ಅಭ್ಯಾಸವೋ ಅಂತ ನೀವೇ ಯೋಚಿಸಿ.

ಇನ್ನು ಜೇಲನ್ ಹರ್ಟ್ಸ್. 2016ರಲ್ಲಿ ಕಾಲೇಜಿನ ಮೊದಲ ವರ್ಷದಲ್ಲೇ ತಂಡದ ಹೊಣೆ. ಅಲಬಾಮಾ ಪರ ಅವರು ಆರಂಭಿಸಿದ ಪಂದ್ಯಗಳಲ್ಲಿ 26 ಗೆಲುವು, 2 ಸೋಲು. ಆದರೂ 2018ರ ಜನವರಿ 8ರ ಅಂತಿಮ ಪಂದ್ಯದಲ್ಲಿ, ಜಾರ್ಜಿಯಾ ವಿರುದ್ಧ 0-13 ಹಿಂದಿದ್ದಾಗ, ಅರ್ಧ ಸಮಯಕ್ಕೆ ಸೇಬನ್ ಅವರನ್ನು ಕೂರಿಸಿದರು. ಬದಲಿಗೆ ಬಂದವರು ಹವಾಯಿಯ ಎಡಗೈ ಹುಡುಗ ಟುವಾ ಟಾಗೊವೈಲೋವಾ. ಹೆಚ್ಚುವರಿ ಸಮಯದಲ್ಲಿ ಒಮ್ಮೆ ಹಿಂದಕ್ಕೆ ತಳ್ಳಿಸಿಕೊಂಡರು, ಮರುಕ್ಷಣ 41 ಯಾರ್ಡ್ ದೂರದ ಡೆವಾಂಟಾ ಸ್ಮಿತ್ ಕೈಗೆ ಚೆಂಡು ಎಸೆದರು. 26-23, ಪಂದ್ಯ ಮುಗೀತು. ಪಕ್ಕದಲ್ಲಿ ನಿಂತಿದ್ದ ಹರ್ಟ್ಸ್ ಎಲ್ಲರಿಗಿಂತ ಜೋರಾಗಿ ಸಂಭ್ರಮಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಅದೇ ಜಾರ್ಜಿಯಾ ವಿರುದ್ಧ, ಟುವಾಗೆ ಗಾಯವಾದಾಗ ಬದಲಿಯಾಗಿ ಬಂದ ಹರ್ಟ್ಸ್ 35-28ರಲ್ಲಿ ಗೆಲ್ಲಿಸಿಕೊಟ್ಟರು. ಸಿನಿಮಾದವರು ಬರೆದಿದ್ದರೆ ಅತಿಯಾಯ್ತು ಅನ್ನುತ್ತಿದ್ದೆವು.

ಪದವಿ ಮುಗಿಸಿದ ಹರ್ಟ್ಸ್ ಓಕ್ಲಹೋಮಾಕ್ಕೆ ಹೋದರು. ಆಗಿನ ನಿಯಮದಲ್ಲಿ ಪದವಿ ಇಲ್ಲದೆ ತಂಡ ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್‌ಗಳಿಗೆ ಅಂಥ ನಿಯಮ ಯಾವತ್ತೂ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಪರ ಸೂಪರ್ ಬೌಲ್ ಗೆದ್ದು ಪಂದ್ಯಶ್ರೇಷ್ಠರಾದರು ಹರ್ಟ್ಸ್. ಅಲಬಾಮಾದಿಂದ ಹೋದ ನೇಮತ್, ಸ್ಟೇಬ್ಲರ್ ಕೂಡ ಹಿಂದೆ ಸೂಪರ್ ಬೌಲ್ ಗೆದ್ದಿದ್ದರು.

ದುಡ್ಡಿನ ಮಾತು

ನೇಮತ್ ಕಾಲೇಜಿನಲ್ಲಿ ಸ್ಕಾಲರ್‌ಷಿಪ್ ಮೇಲೆ ಆಡಿದರು. ಆರೆಂಜ್ ಬೌಲ್ ಮುಗಿದ ಕೂಡಲೇ ನ್ಯೂಯಾರ್ಕ್ ಜೆಟ್ಸ್ ಅವರಿಗೆ 4,27,000 ಡಾಲರ್ ಒಪ್ಪಂದ ಕೊಟ್ಟಿತು, ಆ ಕಾಲಕ್ಕೆ ಯಾರೂ ಕೇಳಿರದ ಮೊತ್ತ. ಅಂದರೆ ಡಿಸೆಂಬರ್ 31ಕ್ಕೆ ಅವರ ಆಟದ ಅಧಿಕೃತ ಬೆಲೆ ಓದಿನ ಖರ್ಚು, ಊಟ, ಹಾಸಿಗೆ. ಜನವರಿ 2ಕ್ಕೆ ನಾಲ್ಕು ಲಕ್ಷ ಡಾಲರ್. ಮೂರು ದಿನದಲ್ಲಿ ಅವರ ಕೈ ಏನೂ ಬದಲಾಗಿರಲಿಲ್ಲ.

ಈ ಏರ್ಪಾಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಾಗೇ ನಡೆಯಿತು. ಹರ್ಟ್ಸ್, ಟುವಾ, ಮ್ಯಾಕ್ ಜೋನ್ಸ್ ಆಡುವಾಗ ಸೇಬನ್ ರಾಜ್ಯದಲ್ಲೇ ಅತಿ ಹೆಚ್ಚು ಸಂಬಳದ ಸರ್ಕಾರಿ ನೌಕರ. ಆಟಗಾರರು ತಮ್ಮ ಸಹಿ ಮಾರಿದರೂ ನಿಷೇಧಕ್ಕೆ ಒಳಗಾಗುತ್ತಿದ್ದರು. 2021ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆಲ್‌ಸ್ಟನ್ ಪ್ರಕರಣದಲ್ಲಿ 9-0 ಬಹುಮತದಿಂದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟಿತು. ಆ ತೀರ್ಪು ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಸೀಮಿತವಾಗಿತ್ತು. ಆದರೆ ರಾಜ್ಯಗಳ ಹೊಸ ಕಾನೂನುಗಳ ಒತ್ತಡವೂ ಸೇರಿ, ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಜಾಹೀರಾತು ಹಣ ಗಳಿಸಬಹುದು ಎಂದಾಯಿತು. ಅದೇ ತಿಂಗಳು ಸೇಬನ್ ಒಂದು ಸಭೆಯಲ್ಲಿ, ತಮ್ಮ ಕ್ವಾರ್ಟರ್‌ಬ್ಯಾಕ್ ಇನ್ನೂ ಒಂದು ಪಂದ್ಯವನ್ನೂ ಆರಂಭಿಸಿಲ್ಲ, ಆಗಲೇ ಒಪ್ಪಂದಗಳು 10 ಲಕ್ಷ ಡಾಲರ್ ಹತ್ತಿರ ಬಂದಿವೆ ಎಂದರು. ಆ ಹುಡುಗನೇ ಬ್ರೈಸ್ ಯಂಗ್. 2025ರ ಜುಲೈಯಿಂದ ಶುರುವಾದ ವರ್ಷದಲ್ಲಿ ಕಾಲೇಜುಗಳೇ 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರ ಕೊಡಬಹುದಾಗಿತ್ತು.

ದುಡ್ಡು ಬಂದು ಆಟ ಕೆಟ್ಟಿತು ಅನ್ನುವವರನ್ನು ನಾನು ಬೇಕಾದಷ್ಟು ಓದಿದ್ದೇನೆ. ದುಡ್ಡು ಮೊದಲೂ ಇತ್ತು, ಬೇರೆಯವರ ಜೇಬಿಗೆ ಹೋಗುತ್ತಿತ್ತು. ಯಂಗ್ 10 ಲಕ್ಷದ ಮಾತು ಕೇಳಿಸಿಕೊಂಡು ಮೈದಾನಕ್ಕಿಳಿದು 47 ಟಚ್‌ಡೌನ್ ಎಸೆದರು, ಹೈಸ್ಮನ್ ಗೆದ್ದರು. ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಒಬ್ಬರು ಹೈಸ್ಮನ್ ಗೆದ್ದದ್ದು ಅದೇ ಮೊದಲು.

ನನ್ನ ಪಟ್ಟಿ

ಇಷ್ಟೆಲ್ಲಾ ಹೇಳಿ ಪಟ್ಟಿ ಕೊಡದೆ ಹೋದರೆ ಜಾರಿಕೊಂಡ ಅನ್ನುತ್ತೀರಿ. ಕೊಡುತ್ತೇನೆ.

ಅಂಕಿಗಳ ಲೆಕ್ಕದಲ್ಲಿ ಒಂದು ಸೀಸನ್‌ನ ಕಿರೀಟ ಮ್ಯಾಕ್ ಜೋನ್ಸ್‌ಗೆ: 2020ರಲ್ಲಿ 4,500 ಯಾರ್ಡ್, 41 ಟಚ್‌ಡೌನ್, ಎದುರಾಳಿ ಪಾಲಾದದ್ದು 4 ಮಾತ್ರ, 13 ಪಂದ್ಯಕ್ಕೆ 13 ಗೆಲುವು. ಆದರೆ ಅವರ ಸುತ್ತ ಹೈಸ್ಮನ್ ಗೆದ್ದ ಡೆವಾಂಟಾ ಸ್ಮಿತ್ ಇದ್ದರು, ನಾಜೀ ಹ್ಯಾರಿಸ್ ಇದ್ದರು, ದೇಶದ ಅತ್ಯುತ್ತಮ ರಕ್ಷಣಾ ಗೋಡೆ ಎಂದು ಪ್ರಶಸ್ತಿ ಪಡೆದ ಐವರು ಮುಂದೆ ನಿಂತಿದ್ದರು. ಯಂಗ್‌ಗೆ 2021ರಲ್ಲಿ ಅಷ್ಟು ಗಟ್ಟಿ ಗೋಡೆ ಇರಲಿಲ್ಲ. ಜಾನ್ ಮೆಚಿ ಮೊದಲೇ ಗಾಯಗೊಂಡು ಹೊರಬಿದ್ದಿದ್ದರು, ಅಂತಿಮ ಪಂದ್ಯದ ಮಧ್ಯದಲ್ಲಿ ಜೇಮ್ಸನ್ ವಿಲಿಯಮ್ಸ್ ಕೂಡ ಬಿದ್ದರು. ಆ ಪಂದ್ಯ ಜಾರ್ಜಿಯಾಗೆ 33-18ರಲ್ಲಿ ಹೋಯಿತು. ಸೋತರೂ ನನ್ನ ಲೆಕ್ಕದಲ್ಲಿ ಯಂಗ್ ಮೊದಲು, ಯಾಕೆಂದರೆ ಕೆಟ್ಟುಹೋದ ಆಟವನ್ನು ಕೈಯಾರೆ ಸರಿ ಮಾಡುವುದನ್ನು ಅವರಷ್ಟು ಸಲ ಬೇರೆ ಯಾರೂ ಮಾಡಲಿಲ್ಲ. ಎರಡನೆಯದು ನೇಮತ್, ಮಂಡಿ ಸರಿ ಇದ್ದ 1964ರ ಮೊದಲ ವಾರಗಳವರೆಗಿನ ನೇಮತ್. ಮೂರು ಟುವಾ, ನಾಲ್ಕು ಹರ್ಟ್ಸ್. ಹರ್ಟ್ಸ್ ಆಮೇಲೆ ಬೆಳೆದದ್ದನ್ನು ಇಲ್ಲಿ ಸೇರಿಸಿದರೆ ಮೋಸ, ಹಾಗಾಗಿ ನಾಲ್ಕು. ಐದನೇ ಸ್ಥಾನಕ್ಕೆ ಸ್ಟೇಬ್ಲರ್ ಮತ್ತು ಮ್ಯಾಕ್ ಜೋನ್ಸ್ ನಡುವೆ ನನಗಿನ್ನೂ ತೀರ್ಮಾನವಾಗಿಲ್ಲ, ಬೇಕಾದರೆ ನೀವು ಜಗಳ ಆಡಿ.

ಪಟ್ಟಿಯ ಮಧ್ಯೆ, 1972ರಿಂದ 1974ರ ಎದುರು, ಒಂದು ಸಾಲು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಹಾಲೊವೇ ಹೆಸರು ಬರೆಯುವ ಹಾಗಿಲ್ಲ, ಅವರು ಅಲಬಾಮಾಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಡೇವಿಸ್, ಟಾಡ್ ಅವರ ಹೆಸರನ್ನು ಅಲ್ಲಿ ಬರೆಯಬಹುದು, ಅವರು ಗೆದ್ದವರೇ, ಅವರ ತಪ್ಪೇನೂ ಇಲ್ಲ. ಆದರೆ ಆ ಹುಡುಗರು ಆ ಜಾಗಕ್ಕಾಗಿ ಯಾರ ವಿರುದ್ಧ ಸ್ಪರ್ಧಿಸಬೇಕಿತ್ತೋ ಆ ಸ್ಪರ್ಧೆ ನಡೆಯಲೇ ಇಲ್ಲ.